ಅಂಗಳದ ಗುಲಾಬಿಗೂ ಒಂದು ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಊರ ಮುಂದಿನ ವೀರಗಲ್ಲು, ಕೆರೆಯ ತೂಬು, ದೇವಸ್ಥಾನದ ಕಟ್ಟಡ ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ಇದ್ದಾರೆ. ನಾನು ಈ ಶಾಲೆಯಲ್ಲಿ ಬಹಳ ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ತರಗತಿಯಲ್ಲಿ ರಾಜಮಹಾರಾಜರ ಇಸವಿಗಳನ್ನು ಬಾಯಿಪಾಠ ಮಾಡಿಸಿ ಮಕ್ಕಳಿಗೆ ಬೇಸರ ಬಂದಾಗಲೆಲ್ಲ, "ನಿಮ್ಮ ಮನೆಯ ಅಂಗಳದಲ್ಲಿರುವ ಒಂದು ಗಿಡದ ಹೆಸರು ಹೇಳಿ, ಅದರ ಇತಿಹಾಸ ನಾನು ಹೇಳುತ್ತೇನೆ" ಎನ್ನುತ್ತಿದ್ದೆ. ಹೆಚ್ಚು ಮಕ್ಕಳು ಹೇಳುತ್ತಿದ್ದ ಹೆಸರು ಗುಲಾಬಿ. ಆ ಪಾಠವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ. ಕೊನೆಯಲ್ಲಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆಯೂ ಇದೆ.

ಮೂರು ಹೆಸರು, ಎರಡು ದಾರಿ

ನಮ್ಮ ಬಯಲುಸೀಮೆಯ ಕಡೆ ಈ ಹೂವಿಗೆ ಮೂರು ಹೆಸರುಗಳಿವೆ. ಪುಸ್ತಕದಲ್ಲಿ ಗುಲಾಬಿ. ಹೂವಾಡಗಿತ್ತಿಯರ ಬಾಯಲ್ಲಿ ರೋಜಾ ಹೂ. ಅಜ್ಜಿಯಂದಿರ ಬಾಯಲ್ಲಿ ಪನ್ನೀರು ಹೂ. ಈ ಮೂರು ಹೆಸರುಗಳನ್ನು ಬಿಡಿಸಿ ನೋಡಿದರೆ ಅರ್ಧ ಇತಿಹಾಸ ಅಲ್ಲೇ ಸಿಗುತ್ತದೆ.

ಗುಲಾಬಿ ಎಂಬುದು ಪಾರಸಿ ಮಾತು. 'ಗುಲ್' ಎಂದರೆ ಹೂವು, ವಿಶೇಷವಾಗಿ ಗುಲಾಬಿ ಹೂವು; 'ಆಬ್' ಎಂದರೆ ನೀರು. ಎರಡೂ ಸೇರಿದ 'ಗುಲಾಬ್' ಎಂದರೆ ಆ ಹೂವಿನಿಂದ ಇಳಿಸಿದ ಪರಿಮಳದ ನೀರು. ಅಂದರೆ ನಾವು ನೀರಿನ ಹೆಸರನ್ನು ತಂದು ಹೂವಿಗೆ ಇಟ್ಟುಬಿಟ್ಟಿದ್ದೇವೆ. ಪನ್ನೀರು ಎಂಬ ನಮ್ಮ ಮಾತಿಗೂ ಅದೇ ಕಥೆ. ಮದುವೆ ಮನೆಯ ಬಾಗಿಲಲ್ಲಿ ಬೆಳ್ಳಿಯ ಪನ್ನೀರುದಾನಿಯಿಂದ ಚಿಮುಕಿಸುವ ನೀರು ಪನ್ನೀರು. ಆ ನೀರು ಕೊಡುವ ಹೂವು ಪನ್ನೀರು ಹೂವು. ಇದರಿಂದ ಒಂದು ವಿಷಯ ತಿಳಿಯುತ್ತದೆ. ನಮ್ಮ ಜನರಿಗೆ ಗುಲಾಬಿಯ ಪರಿಚಯ ಮೊದಲು ಆದದ್ದು ಮೂಗಿನ ಮೂಲಕ, ಆಮೇಲೆ ಕಣ್ಣಿನ ಮೂಲಕ. ಗಿಡಕ್ಕಿಂತ ಮುಂಚೆ ಅದರ ವಾಸನೆ ಊರಿಗೆ ಬಂದಿತ್ತು.

ರೋಜಾ ಎಂಬ ಹೆಸರು ಬೇರೆ ದಾರಿಯದು. ಅದು ಯುರೋಪಿನ 'ರೋಸಾ'. ಹಡಗು ಹತ್ತಿ ಬಂದ ಹೆಸರು. ಹೀಗೆ ಒಂದು ಹೆಸರು ಪರ್ಷಿಯಾದಿಂದ ನೆಲದ ಮೇಲೆ, ಇನ್ನೊಂದು ಹೆಸರು ಯುರೋಪಿನಿಂದ ಸಮುದ್ರದ ಮೇಲೆ ಬಂದು ನಮ್ಮೂರಿನ ಸಂತೆಯಲ್ಲಿ ಕೂಡಿಕೊಂಡಿವೆ. ಹೆಸರುಗಳು ಹೇಗೆ ಬಂದವೋ ಗಿಡಗಳೂ ಹಾಗೆಯೇ ಬಂದವು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಗುಲಾಬಿ ಪೂರ್ತಿ ಪರದೇಶದ್ದೇ ಎಂದು ತಿಳಿಯಬೇಕಿಲ್ಲ. ನೀಲಗಿರಿ, ಪಳನಿ ಬೆಟ್ಟಗಳ ಎತ್ತರದ ಕಾಡಿನ ಅಂಚಿನಲ್ಲಿ ಬಿಳಿಯ ಒಂಟಿ ಸುತ್ತಿನ ಕಾಡುಗುಲಾಬಿ ತಾನಾಗಿಯೇ ಬೆಳೆಯುತ್ತದೆ. ಆದರೆ ನಮ್ಮ ಅಂಗಳಕ್ಕೆ ಬಂದದ್ದು ಆ ಗಿಡವಲ್ಲ.

ವಿಜಯನಗರದ ಬೀದಿ, ಲಾಲ್‌ಬಾಗಿನ ಪಾತಿ

ಕನ್ನಡ ನಾಡಿನಲ್ಲಿ ಗುಲಾಬಿಯ ಬಗ್ಗೆ ಸಿಗುವ ಹಳೆಯ ಸಾಕ್ಷಿಗಳಲ್ಲಿ ಒಂದು ವಿಜಯನಗರದ್ದು. ಹೆರಾತಿನ ಸುಲ್ತಾನ ಶಾರುಖನ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ. ಅವನು ಬರೆದಿಟ್ಟ ವರದಿಯನ್ನು ನಾವು ಹತ್ತನೆಯ ತರಗತಿಯವರೆಗೂ ಒಂದಲ್ಲ ಒಂದು ಪಾಠದಲ್ಲಿ ಓದುತ್ತೇವೆ. ಆ ನಗರದಲ್ಲಿ ಎಲ್ಲಿ ನೋಡಿದರೂ ಗುಲಾಬಿ ಮಾರುತ್ತಾರೆ, ಈ ಜನಕ್ಕೆ ಅನ್ನ ಎಷ್ಟು ಮುಖ್ಯವೋ ಹೂವೂ ಅಷ್ಟೇ ಮುಖ್ಯ ಎಂಬ ಅರ್ಥದ ಮಾತು ಅದರಲ್ಲಿದೆ. ಪಾರಸಿಯಲ್ಲಿ 'ಗುಲ್' ಎಂದರೆ ಬರಿಯ ಹೂವೂ ಆಗಬಹುದಾದ್ದರಿಂದ, ಅವನು ಕಂಡ ಬುಟ್ಟಿಗಳಲ್ಲಿ ಇದ್ದದ್ದೆಲ್ಲ ಗುಲಾಬಿಯೇ ಎಂದು ಪಂದ್ಯ ಕಟ್ಟುವಂತಿಲ್ಲ. ಆದರೆ ಗುಲಾಬಿಯ ನಾಡಿನಿಂದ ಬಂದ ಮನುಷ್ಯ ಇಲ್ಲಿನ ಹೂವಿನ ಅಂಗಡಿಗಳನ್ನು ನೋಡಿ ಬೆರಗಾದನಲ್ಲ, ಅದು ದೊಡ್ಡ ಮಾತು. ಸುಮಾರು 1520ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪೇಸ್ ಅರಮನೆಯ ದಂತದ ಕೋಣೆಯೊಂದನ್ನು ವರ್ಣಿಸುತ್ತಾ, ಕಂಬಗಳ ಮೇಲೆ ದಂತದಲ್ಲಿ ಕೆತ್ತಿದ ಗುಲಾಬಿಗಳೂ ಕಮಲಗಳೂ ಇದ್ದವೆಂದು ಹೇಳುತ್ತಾನೆ.

ಅತ್ತ ಉತ್ತರದಲ್ಲಿ ಮೊಗಲರು ಗುಲಾಬಿಯನ್ನು ಉದ್ಯಾನಗಳಲ್ಲಿ ಬೆಳೆಸಿದರು. ಗುಲಾಬಿ ಅತ್ತರನ್ನು ಕಂಡುಹಿಡಿದವಳು ನೂರ್‌ಜಹಾನ್ ಎಂದು ಹೇಳುವುದುಂಟು. ಆದರೆ ಜಹಾಂಗೀರ್ ಬಾದಶಹ ತನ್ನ ಆತ್ಮಕಥೆಯಲ್ಲಿ ಆ ಕೀರ್ತಿಯನ್ನು ಕೊಟ್ಟಿರುವುದು ನೂರ್‌ಜಹಾನಳ ತಾಯಿಗೆ. ಬಿಸಿ ಪನ್ನೀರನ್ನು ಬಟ್ಟಲಿಗೆ ಸುರಿದಾಗ ಮೇಲೆ ತೇಲಿದ ಎಣ್ಣೆಯ ಪದರವನ್ನು ಆಕೆ ಬಿಡದೆ ಸಂಗ್ರಹಿಸಿದಳಂತೆ. ಅಡುಗೆಮನೆಯ ಹೆಂಗಸಿಗೆ ಇರುವ ಸೂಕ್ಷ್ಮದೃಷ್ಟಿ ಅದು ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ.

ನಮ್ಮ ಭಾಗಕ್ಕೆ ಇನ್ನೂ ಹತ್ತಿರದ ಸಾಕ್ಷಿ ಬೆಂಗಳೂರಿನದು. ಲಾಲ್‌ಬಾಗನ್ನು 1760ರಲ್ಲಿ ಹೈದರಾಲಿ ಆರಂಭಿಸಿದ. ಟಿಪ್ಪು ಸುಲ್ತಾನ್ ದೂರ ದೂರದ ದೇಶಗಳಿಂದ ಗಿಡಗಳನ್ನು ತರಿಸಿ ಬೆಳೆಸಿದ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತುತ್ತಾ ಬೆಂಗಳೂರಿಗೆ ಬಂದು ಈ ತೋಟಗಳನ್ನು ನೋಡಿದ. ತೋಟವನ್ನು ಚೌಕ ಚೌಕವಾಗಿ ಭಾಗ ಮಾಡಿದ್ದರು, ನಡುವೆ ಓಡಾಡುವ ದಾರಿ, ದಾರಿಯ ಬದಿಗೆ ಸೈಪ್ರೆಸ್ ಮರಗಳು, ಒಂದೊಂದು ಚೌಕದಲ್ಲಿ ಒಂದೊಂದೇ ಬಗೆಯ ಗಿಡ, ಒಂದು ಚೌಕದ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ ಎಂದು ಅವನು ಬರೆದಿದ್ದಾನೆ. ಬೇಸಿಗೆಯಲ್ಲಿ ಸದಾ ನೀರು ಕೊಡದಿದ್ದರೆ ಈ ಒಣ ಸೀಮೆಯಲ್ಲಿ ತೋಟ ನಿಲ್ಲದು, ಆ ನೀರನ್ನು ಬಾವಿಯಿಂದ ಎತ್ತು ಹೂಡಿದ ಕಪಿಲೆಯಲ್ಲಿ ಎತ್ತುತ್ತಾರೆ ಎಂಬುದನ್ನೂ ಅವನು ಗಮನಿಸಿದ್ದ.

ಈ ಕಪಿಲೆಯ ಮಾತು ನನಗೆ ಮುಖ್ಯವೆನಿಸುತ್ತದೆ. ಗುಲಾಬಿ ಎಂದರೆ ನೀರು. ಎತ್ತು, ಬಾವಿ, ಆಳು ಇದ್ದವರ ಹೂವಾಗಿಯೇ ಅದು ನಮ್ಮಲ್ಲಿ ಬಹುಕಾಲ ಇತ್ತು. ಅರಮನೆ, ಮಠ, ದರ್ಗಾ, ದೊಡ್ಡ ದೇವಸ್ಥಾನಗಳ ತೋಟದಲ್ಲಿ ಗುಲಾಬಿ ಅರಳುತ್ತಿತ್ತು. ಸಾಮಾನ್ಯರ ಮನೆಯ ಹಿತ್ತಿಲಲ್ಲಿ ಇದ್ದದ್ದು ಕನಕಾಂಬರ, ಕಣಗಿಲೆ, ದಾಸವಾಳ, ತುಂಬೆ. ಗುಲಾಬಿ ಅಲ್ಲಿಂದ ಇಲ್ಲಿಗೆ ಹೇಗೆ ಬಂತು? ಅದಕ್ಕೆ ಮೊದಲು ಗಿಡವೇ ಬದಲಾಗಬೇಕಾಯಿತು.

ಚೀನಾದ ಗಿಡ, ದ್ವೀಪದ ಬೇಲಿ

ಪರ್ಷಿಯಾ ಮತ್ತು ಯುರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಮ್ಮೆ ಮಾತ್ರ ಹೂ ಬಿಡುವಂಥವು. ಪನ್ನೀರು ಇಳಿಸುವ ಡಮಾಸ್ಕ್ ಗುಲಾಬಿಯ ಪರಿಮಳ ಎಷ್ಟು ಹೆಚ್ಚೋ ಅದರ ಹೂವಿನ ಕಾಲ ಅಷ್ಟು ಚಿಕ್ಕದು. ಅದರ ಒಂದು ಬಗೆ ಮಾತ್ರ ಶರತ್ಕಾಲದಲ್ಲಿ ಇನ್ನೊಮ್ಮೆ ಅಷ್ಟಿಷ್ಟು ಹೂ ಕೊಡುತ್ತಿತ್ತು. ಚೀನಾದಲ್ಲಿ ಮಾತ್ರ ತಿಂಗಳು ತಿಂಗಳೂ ಹೂ ಬಿಡುವ ಗುಲಾಬಿಯನ್ನು ಬಹು ಹಿಂದಿನಿಂದ ಸಾಕಿಕೊಂಡು ಬಂದಿದ್ದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವ್ಯಾಪಾರದ ಹಡಗುಗಳಲ್ಲಿ ಈ ಗಿಡಗಳು ಯುರೋಪಿಗೆ ಹೋದವು. ವಿಚಿತ್ರವೆಂದರೆ ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲೇ ಚೀನಾದ ಒಂದು ಗುಲಾಬಿಗೆ 'ರೋಸಾ ಇಂಡಿಕಾ', ಅಂದರೆ ಭಾರತದ ಗುಲಾಬಿ, ಎಂದು ಹೆಸರಿಟ್ಟಿದ್ದ. ಯುರೋಪಿನವರಿಗೆ ಪೂರ್ವದಿಂದ ಬಂದದ್ದೆಲ್ಲ ಆಗ ಇಂಡಿಯಾದ ಸರಕೇ.

ಪರ್ಷಿಯಾದ ಪರಿಮಳ ಮತ್ತು ಚೀನಾದ ಬಿಡುವಿಲ್ಲದ ಹೂವು ಇವೆರಡೂ ಒಂದೇ ಗಿಡದಲ್ಲಿ ಕೂಡಿದ್ದು ಯಾವ ರಾಜನ ತೋಟದಲ್ಲೂ ಅಲ್ಲ, ಹಿಂದೂ ಮಹಾಸಾಗರದ ಒಂದು ಪುಟ್ಟ ದ್ವೀಪದ ಹೊಲದ ಬೇಲಿಯಲ್ಲಿ. ಮಡಗಾಸ್ಕರಿನ ಪೂರ್ವಕ್ಕಿರುವ ಆ ದ್ವೀಪದ ಹೆಸರು ಆಗ ಬೂರ್ಬೋನ್, ಈಗ ರೀಯೂನಿಯನ್. ಫ್ರೆಂಚರ ವಶದಲ್ಲಿದ್ದ ಆ ದ್ವೀಪದ ರೈತರು ಹೊಲಕ್ಕೆ ಗುಲಾಬಿಯ ಬೇಲಿ ಹಾಕುತ್ತಿದ್ದರು. ಬೇಲಿಯಲ್ಲಿ ಚೀನಾದ ಗುಲಾಬಿಯೂ ಡಮಾಸ್ಕ್ ಗುಲಾಬಿಯೂ ಅಕ್ಕಪಕ್ಕದಲ್ಲೇ ಇದ್ದವು. ಜೇನುನೊಣಗಳು ತಮ್ಮ ಕೆಲಸ ಮಾಡಿದವು. ಎರಡರ ಲಕ್ಷಣವೂ ಇದ್ದ ಹೊಸ ಗಿಡವೊಂದು ಹುಟ್ಟಿತು. ಅಲ್ಲಿಯವರು ಅದನ್ನು 'ಎದುವಾರ್' ಗುಲಾಬಿ ಎಂದರು. ಸುಮಾರು 1817ರಲ್ಲಿ ಅದು ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿತ್ತು. ಅಲ್ಲಿಂದ ಪ್ಯಾರಿಸ್ಸಿಗೆ ಬೀಜ ಹೋಗಿ 'ಬೂರ್ಬೋನ್ ಗುಲಾಬಿ' ಎಂಬ ದೊಡ್ಡ ವಂಶವೇ ಬೆಳೆಯಿತು.

ಆ ಎದುವಾರ್ ಎಂಬ ಫ್ರೆಂಚ್ ಹೆಸರೇ ನಮ್ಮ ಹೂವಿನ ಮಂಡಿಯಲ್ಲಿ 'ಎಡ್ವರ್ಡ್ ರೋಜಾ' ಆಗಿದೆ. ಹೆಸರು ಕೇಳಿದವರಿಗೆ ಇಂಗ್ಲೆಂಡಿನ ದೊರೆ ನೆನಪಾಗುವುದು ಸಹಜ. ಆದರೆ ಆ ಹೆಸರು ಎಡ್ವರ್ಡ್ ದೊರೆ ಪಟ್ಟಕ್ಕೆ ಬರುವುದಕ್ಕಿಂತ ಎಷ್ಟೋ ಮೊದಲು ಆ ದ್ವೀಪದಲ್ಲಿತ್ತು. ನಸುಗೆಂಪು ಬಣ್ಣ, ಸಡಿಲವಾದ ದಳ, ಗೊಂಚಲು ಹೂ, ಕೈಗೆತ್ತಿಕೊಂಡ ಕೂಡಲೇ ಮೂಗಿಗೆ ಬಡಿಯುವ ವಾಸನೆ, ಬಿಸಿಲಿಗೆ ಬಗ್ಗದ ಗಟ್ಟಿ ಗಿಡ. ನಾವು ನಾಟಿ ಗುಲಾಬಿ ಎಂದು ಕರೆಯುವುದು ಬಹುಮಟ್ಟಿಗೆ ಈ ಜಾತಿಯನ್ನು. ಡಮಾಸ್ಕ್ ಗಿಡಕ್ಕೂ ಇದಕ್ಕೂ ನಮ್ಮ ಹಳ್ಳಿಗಳಲ್ಲಿ ಪನ್ನೀರು ಹೂ ಎಂಬ ಒಂದೇ ಹೆಸರು ನಡೆಯುವುದುಂಟು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿ ಇದೆ. ರಾಗಿಯನ್ನೋ ಅವರೆಯನ್ನೋ ಬಿತ್ತಿದರೆ ಹುಟ್ಟುವುದು ಹೊಸ ಸಸಿ, ತಾಯಿಗಿಡದ ಮಗು. ಗುಲಾಬಿ ಹಾಗಲ್ಲ. ಅದರ ಬೀಜ ಬಿತ್ತಿದರೆ ತಾಯಿಯಂಥ ಹೂ ಬರುವ ಭರವಸೆ ಇಲ್ಲ. ಆದ್ದರಿಂದ ಗುಲಾಬಿಯನ್ನು ಯಾವಾಗಲೂ ಕಡ್ಡಿ ನೆಟ್ಟು ಅಥವಾ ಕಣ್ಣು ಕಸಿ ಮಾಡಿಯೇ ಬೆಳೆಸುತ್ತಾರೆ. ಕಡ್ಡಿಯಿಂದ ಬಂದ ಗಿಡ ಹಳೆಯ ಗಿಡದ ಮಗಳೂ ಅಲ್ಲ, ಮೊಮ್ಮಗಳೂ ಅಲ್ಲ, ಅದೇ ಗಿಡ. ನಿಮ್ಮ ಅಂಗಳದ ಎಡ್ವರ್ಡ್ ಗುಲಾಬಿ ಇನ್ನೂರು ವರ್ಷದ ಹಿಂದೆ ಆ ದ್ವೀಪದ ಬೇಲಿಯಲ್ಲಿ ಹುಟ್ಟಿದ ಗಿಡದ್ದೇ ಒಂದು ತುಂಡು. ನಡುವೆ ಅದನ್ನು ಎಷ್ಟು ಜನ ಕತ್ತರಿಸಿ ಎಷ್ಟು ಜನಕ್ಕೆ ಕೊಟ್ಟಿರಬೇಕು! ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದು ಒಂದು ಊರಲ್ಲಿ ನಿಂತರೆ ಆ ಊರಿನ ಮಟ್ಟಿಗೆ ಗಿಡ ಮುಗಿಯಿತು. ಶಾಸನವಾದರೆ ಮಣ್ಣಲ್ಲಿ ಹೂತು ಹೋದರೂ ಮತ್ತೆ ಸಿಗುತ್ತದೆ. ಒಣಗಿದ ಗುಲಾಬಿ ಗಿಡ ಸಿಗುವುದಿಲ್ಲ.

ಕಡ್ಡಿ ಬಂದ ಬಗೆ

ನಮ್ಮೂರಿಗೆ ಗುಲಾಬಿ ಬಂದ ಚರಿತ್ರೆ ಕಾಗದದ ಮೇಲಿಲ್ಲ, ಮನೆಗಳ ನೆನಪಿನಲ್ಲಿದೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ವರ್ಷ ಯೋಜನಾ ಕಾರ್ಯವಾಗಿ ಇದನ್ನೇ ಕೊಟ್ಟಿದ್ದೆ: "ನಿಮ್ಮ ಮನೆಯ ಗುಲಾಬಿ ಎಲ್ಲಿಂದ ಬಂತು, ಯಾರು ತಂದರು, ಅಜ್ಜಿಯನ್ನು ಕೇಳಿ ಬರೆಯಿರಿ." ಮಕ್ಕಳು ತಂದ ಉತ್ತರಗಳನ್ನು ಇಂದಿಗೂ ಮರೆತಿಲ್ಲ.

ಹಲವರ ಉತ್ತರ "ತವರುಮನೆಯಿಂದ" ಎಂದಿತ್ತು. ಬಾಣಂತನ ಮುಗಿಸಿ ಮಗುವಿನೊಂದಿಗೆ ಗಂಡನ ಮನೆಗೆ ಹೊರಟ ಮಗಳು ಮಡಿಲಕ್ಕಿಯ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಗುಲಾಬಿ ಕಡ್ಡಿಯನ್ನೂ ತಂದಿದ್ದಳು. ಬಚ್ಚಲ ನೀರು ಹರಿಯುವ ಕಡೆ ನೆಟ್ಟಳು. ಸೊಸೆ ನೆಟ್ಟ ಗಿಡ ಎಂದು ಅತ್ತೆ ಮೊದಲು ಮುಖ ತಿರುಗಿಸಿದರೂ, ಹೂ ಬಿಟ್ಟ ಮೇಲೆ ತಾನೇ ನೀರು ಹಾಕಿದಳು ಎಂದು ಒಬ್ಬ ಹುಡುಗಿ ಬರೆದಿದ್ದಳು. ಇನ್ನು ಕೆಲವರ ಉತ್ತರ ಉರುಸಿಗೆ ಸಂಬಂಧಿಸಿದ್ದು. ದರ್ಗಾದ ಹಿಂದಿನ ತೋಟದಲ್ಲಿದ್ದ ಗಿಡದಿಂದ ಕಡ್ಡಿ ಮುರಿದುಕೊಂಡು ಬಂದು ನೆಟ್ಟವರು ಊರಿನ ಎಲ್ಲ ಬೀದಿಗಳಲ್ಲೂ ಇದ್ದರು. ಆ ಗಿಡದ ಹೂವು ಗುರುವಾರ ದರ್ಗಾಕ್ಕೆ ಹೋದರೆ, ಅದರದೇ ಕಡ್ಡಿಯಿಂದ ಬಂದ ಗಿಡದ ಹೂವು ಶನಿವಾರ ಹನುಮಂತರಾಯನ ಗುಡಿಗೆ ಹೋಗುತ್ತಿತ್ತು. ಯಾರೂ ಇದನ್ನು ಸೌಹಾರ್ದ ಎಂದು ಭಾಷಣ ಮಾಡಲಿಲ್ಲ. ಗಿಡ ಚೆನ್ನಾಗಿತ್ತು, ಕಡ್ಡಿ ಕೇಳಿದರು, ಕೊಟ್ಟರು, ಅಷ್ಟೆ.

ಕೇರಿಯ ಮಕ್ಕಳ ಉತ್ತರ ಬೇರೆ ಇತ್ತು. ಒಬ್ಬ ಹುಡುಗ ಒಂದೇ ಸಾಲು ಬರೆದಿದ್ದ: ಅಜ್ಜಿಯ ಕಾಲದಲ್ಲಿ ಕುಡಿಯುವ ನೀರಿಗೇ ದೂರ ಹೋಗಬೇಕಿತ್ತು, ಗಿಡಕ್ಕೆ ಎಲ್ಲಿಂದ ಹಾಕುವುದು, ನಲ್ಲಿ ಬಂದ ಮೇಲೆ ಗುಲಾಬಿ ಬಂತು. ಆ ಸಾಲು ಓದಿ ನಾನು ತರಗತಿಯಲ್ಲಿ ಬುಕಾನನ್ ಬರೆದ ಕಪಿಲೆಯ ವಿಷಯ ಹೇಳಿದೆ. ಬಾವಿ ಯಾರದು, ನೀರು ಸೇದುವ ಹಕ್ಕು ಯಾರದು ಎಂಬ ಪ್ರಶ್ನೆಯನ್ನು ಬಿಟ್ಟು ನಮ್ಮ ಊರುಗಳಲ್ಲಿ ಹೂವಿನ ಇತಿಹಾಸವನ್ನೂ ಬರೆಯಲು ಬರುವುದಿಲ್ಲ. ಶಾಲೆಯ ಮುಂದಿನ ಗುಲಾಬಿ ಪಾತಿಗೆ ಈ ದೃಷ್ಟಿಯಿಂದ ಒಂದು ವಿಶೇಷ ಸ್ಥಾನವಿತ್ತು. ಎಲ್ಲ ಬೀದಿಯ ಮಕ್ಕಳೂ ಸರದಿಯ ಮೇಲೆ ಒಂದೇ ಕೊಡದಿಂದ ನೀರು ಹಾಕಿದ ಗಿಡಗಳು ನಮ್ಮೂರಿನಲ್ಲಿ ಮೊದಲು ಅವೇ. ಆ ಪಾತಿಯನ್ನು ಮಗುವಿನಂತೆ ನೋಡಿಕೊಂಡ ನಮ್ಮ ಶಾಲೆಯ ಜವಾನರನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಅವರ ಕಣ್ಣು ತಪ್ಪಿಸಿ ಮೊಗ್ಗು ಕಿತ್ತವರೂ ಈ ಲೇಖನ ಓದುತ್ತಿರಬಹುದು.

ನವೆಂಬರ್ 14 ಬಂತೆಂದರೆ ಊರಿನ ಗುಲಾಬಿಗಳೆಲ್ಲ ಶಾಲೆಗೆ ಬರುತ್ತಿದ್ದವು. ನೆಹರೂ ಅವರು ಶೇರ್ವಾನಿಯ ಗುಂಡಿಯ ಬಳಿ ಸಿಕ್ಕಿಸಿಕೊಳ್ಳುತ್ತಿದ್ದ ಕೆಂಪು ಗುಲಾಬಿ ಭಾರತದ ಪ್ರತಿಯೊಂದು ಶಾಲೆಯ ಮಕ್ಕಳಿಗೂ ಗೊತ್ತು. ನಮ್ಮ ನಾಟಿ ಗುಲಾಬಿ ಕೆಂಪಲ್ಲ, ನಸುಗೆಂಪು. ಹೂದಾನಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ದಳ ಉದುರಿಸುವಂಥದ್ದು. ಆದರೂ ಚಾಚಾ ನೆಹರೂ ಅವರ ಪಟದ ಮುಂದೆ ಅದರ ರಾಶಿಯೇ ಬೀಳುತ್ತಿತ್ತು.

ಕಸಿ ಗುಲಾಬಿಯ ಕಾಲ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬುವ ಹೊತ್ತಿಗೆ ಗುಲಾಬಿಯ ಲೋಕದಲ್ಲಿ ಬಹಳ ಬದಲಾವಣೆ ಆಗಿದೆ. ಫ್ರಾನ್ಸಿನ ಗಿಯೋ ಎಂಬವರು 1867ರಲ್ಲಿ ಹೊರತಂದ 'ಲಾ ಫ್ರಾನ್ಸ್' ಎಂಬ ತಳಿಯನ್ನು ಮೊದಲ ಹೈಬ್ರಿಡ್ ಟೀ ಗುಲಾಬಿ ಎಂದು ಲೆಕ್ಕ ಹಾಕುತ್ತಾರೆ. ಉದ್ದ ಕಡ್ಡಿ, ದೊಡ್ಡ ಮೊಗ್ಗು, ತಿರುಚಿದ ದಳ ಎಂದು ನಾವು ಇಂದು ಚಿತ್ರ ಬರೆಯುವ ಗುಲಾಬಿ ಅದೇ. ನಮ್ಮ ಪಠ್ಯದಲ್ಲಿ ಬರುವ ವಿಶ್ವಸಂಸ್ಥೆಯ ಪಾಠಕ್ಕೂ ಒಂದು ಗುಲಾಬಿಯ ನಂಟಿದೆ. ಫ್ರಾನ್ಸಿನ ಮೆಯ್ಯಾಂ ಎಂಬ ತಳಿಗಾರ ಬೆಳೆಸಿದ, ಅಂಚಿಗೆ ನಸುಗೆಂಪು ಹೊಯ್ದ ತಿಳಿಹಳದಿ ಹೂವಿಗೆ 1945ರ ಏಪ್ರಿಲ್ 29ರಂದು ಅಮೆರಿಕದಲ್ಲಿ 'ಪೀಸ್', ಅಂದರೆ ಶಾಂತಿ, ಎಂದು ಹೆಸರಿಟ್ಟರು. ಆಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸ್ಥಾಪನೆಗಾಗಿ ಸೇರಿದ್ದ ದೇಶಗಳ ಪ್ರತಿನಿಧಿಗಳಿಗೆ ತಲಾ ಒಂದೊಂದು ಹೂ ಕೊಟ್ಟರು. ಮಹಾಯುದ್ಧ ಮುಗಿಯುತ್ತಿದ್ದ ವಾರಗಳವು.

ಭಾರತದಲ್ಲಿ ಈ ಕೆಲಸವನ್ನು ಗಂಭೀರವಾಗಿ ಮಾಡಿದವರಲ್ಲಿ ಡಾ. ಬಿ.ಪಿ. ಪಾಲ್ ಪ್ರಮುಖರು. ಗೋಧಿಯ ತುಕ್ಕು ರೋಗವನ್ನು ತಡೆಯುವ ತಳಿಗಳಿಗಾಗಿ ದುಡಿದ ವಿಜ್ಞಾನಿ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೊದಲ ಮಹಾನಿರ್ದೇಶಕರು. ಅನ್ನದ ಬೆಳೆಯ ಜೊತೆಗೇ ಗುಲಾಬಿಯಲ್ಲೂ ನಮ್ಮ ಬಿಸಿಲಿಗೆ ಒಗ್ಗುವ ಹಲವು ತಳಿಗಳನ್ನು ಅವರು ಸೃಷ್ಟಿಸಿದರು; 1966ರಲ್ಲಿ ಭಾರತದ ಗುಲಾಬಿಯ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. ನಮ್ಮ ರಾಜ್ಯದಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ಪರಿಮಳ, ಅರ್ಕಾ ಸವಿ, ಅರ್ಕಾ ಸ್ವದೇಶ್ ಮೊದಲಾದ ಗುಲಾಬಿ ತಳಿಗಳನ್ನು ಕೊಟ್ಟಿದ್ದಾರೆ.

ಗಿಡಗಳನ್ನು ಜನರ ಮನೆ ಬಾಗಿಲಿಗೆ ತಂದ ಕೀರ್ತಿ ಲಾಲ್‌ಬಾಗಿನ ಪರಂಪರೆಗೆ ಸಲ್ಲಬೇಕು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರೂನ್, ಜರ್ಮನಿಯಿಂದ ಬಂದ ಕ್ರುಂಬಿಗಲ್, ಅವರ ನಂತರ ನಮ್ಮವರೇ ಆದ ಎಚ್.ಸಿ. ಜವರಾಯ, ಡಾ. ಎಂ.ಎಚ್. ಮರಿಗೌಡ ಇವರೆಲ್ಲ ಅದನ್ನು ಬೆಳೆಸಿದರು. ಮರಿಗೌಡರ ಕಾಲದಲ್ಲಿ ತೋಟಗಾರಿಕೆ ಇಲಾಖೆಯ ಕ್ಷೇತ್ರಗಳು, ನರ್ಸರಿಗಳು ತಾಲ್ಲೂಕುಗಳಿಗೂ ಬಂದವು. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ನೋಡಲು ಬೆಂಗಳೂರಿಗೆ ಹೋದವರು ಗಾಜಿನ ಮನೆಯಿಂದ ಹೊರಬರುವಾಗ ಕೈಯಲ್ಲಿ ಒಂದು ಕಸಿ ಗುಲಾಬಿ ಸಸಿ ಹಿಡಿದು ಬರುವುದು ರೂಢಿಯಾಯಿತು. ನಮ್ಮ ಶಾಲೆಯ ಪ್ರವಾಸದ ಬಸ್ಸಿನಲ್ಲೂ ಸೀಟಿನ ಕೆಳಗೆ ಸಸಿಗಳು ಬಂದಿವೆ.

1990ರ ದಶಕದಿಂದ ಬೆಂಗಳೂರು, ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಹೊಸೂರಿನ ಸುತ್ತ ಪಾಲಿಹೌಸ್‌ಗಳು ಎದ್ದವು. ಹಗಲು ಒಳ್ಳೆಯ ಬಿಸಿಲು, ರಾತ್ರಿ ತಂಪು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಪ್ರಸ್ಥಭೂಮಿಯ ಹವೆ ಗುಲಾಬಿಗೆ ಹೇಳಿ ಮಾಡಿಸಿದಂತಿದೆ. 'ತಾಜ್ ಮಹಲ್' ಎಂಬ ಕೆಂಪು ತಳಿ ಫೆಬ್ರವರಿ 14ರ ಹೊತ್ತಿಗೆ ವಿಮಾನ ಹತ್ತಿ ಹೊರದೇಶಕ್ಕೆ ಹೋಗುತ್ತದೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲೂ ಹಲವರು ಈ ಕೃಷಿಯಲ್ಲಿದ್ದಾರೆ. ಅವರ ಕಷ್ಟವೂ ಚಿಕ್ಕದಲ್ಲ. 2020ರ ಲಾಕ್‌ಡೌನ್‌ನಲ್ಲಿ ಮದುವೆ, ಜಾತ್ರೆ, ವಿಮಾನ ಎಲ್ಲ ನಿಂತು, ಕೊಯ್ದ ಗುಲಾಬಿಯನ್ನು ತಿಪ್ಪೆಗೆ ಸುರಿದದ್ದನ್ನು ನಾವೇ ಕಂಡಿದ್ದೇವೆ.

ಈ ಹೊಸ ಹೂವನ್ನು ನಾನು ದೂರುವುದಿಲ್ಲ. ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತಿದೆ, ಎಷ್ಟೋ ಮಕ್ಕಳ ಕಾಲೇಜು ಶುಲ್ಕ ಅದರಿಂದ ಕಟ್ಟಿದ್ದಾಗಿದೆ. ಆದರೆ ದೂರದ ಪ್ರಯಾಣಕ್ಕೆ, ಹೂದಾನಿಯಲ್ಲಿ ಬಹಳ ದಿನ ನಿಲ್ಲುವುದಕ್ಕೆ ಎಂದು ಆರಿಸಿ ಬೆಳೆಸಿದ ಈ ತಳಿಗಳಲ್ಲಿ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ವಾಸನೆಯಿಂದಲೇ ಹೆಸರು ಪಡೆದ ಹೂವು ವಾಸನೆಯನ್ನೇ ಬಿಟ್ಟುಕೊಟ್ಟಿದೆ. ಇತ್ತ ಊರಿನಲ್ಲಿ ಅಂಗಳಗಳು ಸಿಮೆಂಟಾದವು, ಬಚ್ಚಲ ನೀರು ಚರಂಡಿಗೆ ತಿರುಗಿತು, ಬಾವಿ ಬತ್ತಿ ಕೊಳವೆಬಾವಿಯ ಗಡಸು ನೀರು ಬಂತು. ನಾಟಿ ಗುಲಾಬಿ ಒಂದೊಂದೇ ಮನೆಯಿಂದ ಮರೆಯಾಯಿತು. ಹೋದ ವರ್ಷ ನಾನು ಊರಿನ ಬೀದಿಗಳಲ್ಲಿ ನಡೆದು ನೋಡಿದಾಗ ಹಳೆಯ ಪನ್ನೀರು ಹೂವಿನ ಗಿಡ ಕಂಡದ್ದು ನಾಲ್ಕೇ ಕಡೆ. ಅದರಲ್ಲಿ ಒಂದು ಮನೆಗೆ ಬೀಗ ಹಾಕಿತ್ತು.

ಮನೆಯಲ್ಲಿ ಬೆಳೆಸುವವರಿಗೆ

ಹೂವಿನ ಇತಿಹಾಸ ಹೇಳಿ ಗಿಡ ನೆಡುವ ಬಗೆ ಹೇಳದಿದ್ದರೆ ಅರ್ಧ ಪಾಠವಾದೀತು. ಅನುಭವದಿಂದ ತಿಳಿದ ಕೆಲವು ಮಾತುಗಳನ್ನು ಚಿಕ್ಕದಾಗಿ ಹೇಳುತ್ತೇನೆ.

ಕಡ್ಡಿ ನೆಡಲು ಮಳೆಗಾಲದ ತಂಪು ದಿನಗಳು ಒಳ್ಳೆಯವು. ಹೂ ಬಿಟ್ಟು ಮುಗಿದ, ಪೆನ್ಸಿಲ್ ದಪ್ಪದ, ತೀರ ಎಳೆಯದೂ ಅಲ್ಲದ ತೀರ ಬಲಿತದ್ದೂ ಅಲ್ಲದ ಕಡ್ಡಿಯನ್ನು ಒಂದು ಗೇಣು ಉದ್ದಕ್ಕೆ ಕತ್ತರಿಸಿ. ಮೂರು ನಾಲ್ಕು ಗೆಣ್ಣು ಇರಬೇಕು. ಕೆಳತುದಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಕೆಮ್ಮಣ್ಣಿನಲ್ಲಿ ಎರಡು ಗೆಣ್ಣು ಹೂಳುವಂತೆ ನೆಡಿ. ಮೇಲಿನ ತುದಿಗೆ ಸ್ವಲ್ಪ ಸಗಣಿ ಮೆತ್ತುವುದು ನಮ್ಮ ಹಿರಿಯರ ಪದ್ಧತಿ. ಕಡ್ಡಿ ತುದಿಯಿಂದ ಒಣಗುವುದು ಅದರಿಂದ ತಪ್ಪುತ್ತದೆ ಎನ್ನುತ್ತಿದ್ದರು. ನೆರಳಲ್ಲಿಡಿ, ಮಣ್ಣು ಒಣಗಗೊಡಬೇಡಿ, ಬೇರು ಬಂತೇ ಎಂದು ದಿನಾ ಕಿತ್ತು ನೋಡಬೇಡಿ. ನಾಟಿ ಗುಲಾಬಿ ಸುಲಭವಾಗಿ ಬೇರು ಬಿಡುತ್ತದೆ.

ಗಿಡಕ್ಕೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ನೀರನ್ನು ಬುಡಕ್ಕೆ ಹಾಕಿ. ಸಂಜೆ ಎಲೆಯ ಮೇಲೆ ಸುರಿದರೆ ಕಪ್ಪು ಚುಕ್ಕೆ ರೋಗಕ್ಕೆ ದಾರಿ. ಕುಂಡವಾದರೆ ತಳದಲ್ಲಿ ನೀರು ನಿಲ್ಲದಂತೆ ತೂತು ಇರಲಿ. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸಾಕು. ಹಸಿ ಸಗಣಿ ಬುಡಕ್ಕೆ ಹಾಕಬಾರದು. ಮಳೆ ಹಿಂದೆ ಸರಿಯುವ ಅಕ್ಟೋಬರ್, ನವೆಂಬರ್ ಹೊತ್ತಿಗೆ ಒಣಗಿದ, ಸೊರಗಿದ, ಒಂದಕ್ಕೊಂದು ತಿಕ್ಕುವ ಕೊಂಬೆಗಳನ್ನು ಹರಿತವಾದ ಕತ್ತರಿಯಿಂದ ಸವರಬೇಕು. ಹೊರಮುಖವಾಗಿರುವ ಕಣ್ಣಿನ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿದರೆ ಗಿಡ ಹೊರಕ್ಕೆ ಹರಡಿ ಗಾಳಿ ಆಡುತ್ತದೆ. ಸವರಿದ ಸುಮಾರು 45 ದಿನಕ್ಕೆ ಹೂ ಬರುತ್ತದೆ.

ನರ್ಸರಿಯಿಂದ ತಂದ ಕಸಿ ಗಿಡವಾದರೆ ಇನ್ನೊಂದು ಎಚ್ಚರಿಕೆ ಬೇಕು. ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಅದು ಕಾಡುಬೇರಿನ ಚಿಗುರು, ಬುಡಸಮೇತ ತೆಗೆಯಬೇಕು. ಬಿಟ್ಟರೆ ಅದೇ ಗಿಡವನ್ನು ನುಂಗುತ್ತದೆ. "ಕೆಂಪು ಗುಲಾಬಿ ತಂದೆವು, ಎರಡು ವರ್ಷಕ್ಕೆ ಹೂವೇ ಬೇರೆಯಾಯಿತು" ಎನ್ನುವವರ ಮನೆಯಲ್ಲಿ ಸಾಮಾನ್ಯವಾಗಿ ಆಗಿರುವುದು ಇದೇ.

ಒಂದು ಕೋರಿಕೆ

ಸುವರ್ಣ ಮಹೋತ್ಸವದ ನೆನಪಿಗಾಗಿ ಶಾಲೆಗೆ ಬೆಂಚು, ಕಂಪ್ಯೂಟರ್, ಧ್ವಜಸ್ತಂಭ ಕೊಡುತ್ತಿರುವ ಹಳೆಯ ವಿದ್ಯಾರ್ಥಿಗಳಿಗೆ ವಂದನೆಗಳು. ಅದರ ಜೊತೆಗೆ ಖರ್ಚಿಲ್ಲದ ಒಂದು ಕಾಣಿಕೆಯನ್ನು ಕೇಳುತ್ತೇನೆ. ನಿಮ್ಮ ಮನೆಯಲ್ಲಿ, ತವರಿನಲ್ಲಿ, ಅಜ್ಜಿಯ ಊರಿನಲ್ಲಿ ಹಳೆಯ ಪನ್ನೀರು ಗುಲಾಬಿ ಇದ್ದರೆ ಬರುವ ಮಳೆಗಾಲದಲ್ಲಿ ಎರಡು ಕಡ್ಡಿ ತನ್ನಿ. ಧ್ವಜಸ್ತಂಭದ ಎಡಕ್ಕಿರುವ ಹಳೆಯ ಪಾತಿ ಈಗ ಖಾಲಿ ಬಿದ್ದಿದೆ. ಮುಖ್ಯೋಪಾಧ್ಯಾಯರು ಅದನ್ನು ಇದಕ್ಕಾಗಿ ಬಿಟ್ಟುಕೊಡಲು ಒಪ್ಪಿದ್ದಾರೆ. ಅಗೆದು ಗೊಬ್ಬರ ಹಾಕುವ ಕೆಲಸ ನನ್ನದು. ಪ್ರತಿ ಗಿಡದ ಬುಡದಲ್ಲಿ ಒಂದು ಚಿಕ್ಕ ಹಲಗೆ ಇರಲಿ: ಯಾವ ಮನೆಯಿಂದ ಬಂತು, ಆ ಮನೆಗೆ ಯಾರು ತಂದಿದ್ದರು, ಎಲ್ಲಿಂದ ತಂದಿದ್ದರು. ದಾನಿಗಳ ಹೆಸರಿನ ಬದಲು ಅಜ್ಜಿಯರ ಹೆಸರುಗಳಿರುವ ಹಲಗೆಗಳು ನಮ್ಮ ಶಾಲೆಯಲ್ಲಿ ನಿಂತರೆ ಒಂಬತ್ತನೆಯ ತರಗತಿಯ ಮಕ್ಕಳಿಗೆ ಸ್ಥಳೀಯ ಇತಿಹಾಸದ ಪಾಠ ಅಲ್ಲೇ ಸಿಗುತ್ತದೆ.

ಯಾರಾದರೂ ಬಂದು ಕಡ್ಡಿ ಕೇಳಿದರೆ ಇಲ್ಲವೆನ್ನದೆ ಕೊಡುವುದು ಆ ಪಾತಿಯ ನಿಯಮವಾಗಲಿ.